ಹೊಗೆಯಿಲ್ಲದ ಅಗ್ಗಿಷ್ಟಿಕೆ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿರಿಸಿತೆಂದರೆ ಮಲೆನಾಡಿನ ಮನೆಗಳಲ್ಲಿ ಸಂಜೆಯ ಹೊತ್ತು ಅಗ್ಗಿಷ್ಟಿಕೆಯ ಸುತ್ತ ಕುಳಿತು ಮೈ ಕಾಯಿಸಿಕೊಳ್ಳುವುದು ಹಿಂದಿನಿಂದ ನಡೆದುಬಂದ ಪದ್ಧತಿ. ನಮ್ಮ ಬಾಲ್ಯದಲ್ಲಿ ಹಿರಿಯರು ಪೂಜೆ ಮುಗಿಸಿ ಹೊರಗೆ ಬಂದು ಕೂರುವ ವೇಳೆಗೆ ಯಾರಾದರೊಬ್ಬರು ಕಾಫಿ ಗಿಡದ ಒಣ ಬೊಡ್ಡೆಯನ್ನು ಉರಿಗೆ ಒಡ್ಡಿರುತ್ತಿದ್ದರು. ಗಾಳಿ ತಿರುಗಿದತ್ತ ಹೊಗೆ ತಿರುಗುತ್ತಿತ್ತು. ಹೊಗೆ ತಿರುಗಿದತ್ತ ಕುಳಿತವರು ಕಣ್ಣೊರೆಸಿಕೊಳ್ಳುತ್ತ ಎದ್ದು ಬೇರೆಡೆ ಸರಿಯುತ್ತಿದ್ದರು. ಆ ಹೊಗೆಯನ್ನು ನಾವೆಲ್ಲರೂ ಶಪಿಸಿದ್ದೇವೆ. ಅದು ನಮ್ಮನ್ನು ಬೆಂಕಿಯಿಂದ ದೂರವಿಡುತ್ತಿದ್ದ ಕಾವಲುಗಾರನೂ ಆಗಿತ್ತೆಂಬುದು ನಮಗೆ ಹೊಳೆದದ್ದು ಇತ್ತೀಚೆಗೆ.

ಮೂಡಿಗೆರೆಯ ಕಡೆ ನಮ್ಮ ತಮ್ಮನ ಮಗನದೊಂದು ಕಾಫಿ ತೋಟವಿದೆ. ಬೆಳೆಗೆ ದರವಿಲ್ಲದ ವರ್ಷಗಳಲ್ಲಿ ಆಧಾರವಾಗಲೆಂದು ಆತ ಹಳೆಯ ಮನೆಯ ಒಂದು ಪಾರ್ಶ್ವವನ್ನು ದುರಸ್ತಿಗೊಳಿಸಿ ಪ್ರವಾಸಿಗಳಿಗೆ ತಂಗಲು ಕೊಡುತ್ತಿದ್ದಾನೆ. 2024ರ ದೀಪಾವಳಿಗೆ ನಾವು ಹೋಗಿದ್ದಾಗ ಆತ ಫೋನಿನಲ್ಲೊಂದು ಚಿತ್ರವನ್ನು ತೋರಿಸಿದ. ದುಂಡನೆಯ ಕಲ್ಲಿನ ತೊಟ್ಟಿ, ಅದರ ನಡುವೆ ಗಾಜಿನ ಹರಳುಗಳು, ಹರಳುಗಳ ಸಂದಿಯಿಂದೇಳುವ ಹೊಂಬಣ್ಣದ ಜ್ವಾಲೆ, ಸುತ್ತ ಕುಳಿತ ನಗುಮುಖಗಳು. ಅದು ಅನಿಲದ ಅಗ್ಗಿಷ್ಟಿಕೆ. ಅಮೆರಿಕದವರು ಫೈರ್ ಪಿಟ್ ಎನ್ನುವ ವಸ್ತು.

“ದೊಡ್ಡಪ್ಪ, ಈ ಸಲ ಸೌದೆ ಬಿಟ್ಟು ಇದನ್ನೇ ಹಾಕಿಸೋಣ ಅಂತಿದ್ದೀನಿ. ಬಂದವರಿಗೆ ಹೊಗೆಯಿಲ್ಲ, ನಮಗೆ ಬೂದಿ ಬಳಿಯೋ ಕೆಲಸ ಇಲ್ಲ” ಎಂದ.

ಎಲ್ಲಿ ಹಾಕಿಸುವೆಯೆಂದು ಕೇಳಿದೆವು. ಕಾರು ನಿಲ್ಲಿಸುವ ಕಡೆಯ ತಗಡಿನ ಚಪ್ಪರದೊಳಗೆ ಎರಡೂವರೆ ಅಡಿ ಗುಂಡಿ ತೋಡಿ, ತಳದಲ್ಲಿ ಬರ್ನರ್ ಕೂರಿಸಿ, ಅಡುಗೆಮನೆಯ ಸಿಲಿಂಡರಿನಿಂದ ಪೈಪು ಎಳೆಯುವುದು ಆತನ ಯೋಜನೆ. ಇಬ್ಬನಿ ಬೀಳದಿರಲೆಂದು ಮೂರು ಬದಿಗೂ ತಾಡಪಾಲು ಇಳಿಬಿಡುವುದು. ಮಗ ಬುದ್ಧಿವಂತ, ಕೃಷಿ ಪದವೀಧರ. ಆದರೂ ಈ ಒಂದು ಯೋಜನೆಯಲ್ಲಿ ನಾವು ಎಣಿಸಿದಂತೆ ನಾಲ್ಕು ತಪ್ಪುಗಳಿದ್ದವು, ನಾಲ್ಕೂ ಪ್ರಾಣಾಪಾಯಕ್ಕೆ ಸಂಬಂಧಿಸಿದವು. ನಮ್ಮ ಓದುಗ ಕುಟುಂಬಗಳಲ್ಲಿ ತೋಟದ ಮನೆಗಳನ್ನು ಹೀಗೆ ಅತಿಥಿಗಳಿಗೆ ತೆರೆದವರು ಹಲವರಿದ್ದಾರೆ. ಮಕ್ಕಳು ಹೊರದೇಶದಲ್ಲಿ ನೆಲೆಸಿ ಹಿತ್ತಿಲಲ್ಲಿ ಇಂಥದೊಂದನ್ನು ಇರಿಸಿಕೊಂಡಿರುವವರೂ ಇದ್ದಾರೆ. ಆದುದರಿಂದ ಆತನಿಗೆ ನಾವು ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ನಮಗೆ ಈ ತಿಳಿವಳಿಕೆ ಬಂದದ್ದು ಪುಸ್ತಕದಿಂದಲ್ಲ, ಒಂದು ಹೆದರಿಕೆಯಿಂದ. 2023ರಲ್ಲಿ ನಾವು ದಂಪತಿಗಳು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳಿದ್ದೆವು. ಅಕ್ಟೋಬರಿನಲ್ಲಿ ಅಲ್ಲಿ ಮರಗಳ ಎಲೆಗಳು ಕೆಂಪಡರಿ ಉದುರುವ ಕಾಲ. ಸಂಜೆ ಐದಕ್ಕೇ ಶಾಲು ಬೇಕೆನಿಸುತ್ತದೆ. ಅಳಿಯಂದಿರು ಯಾರೋ ಮನೆ ಬಿಟ್ಟು ಹೋಗುವವರಿಂದ ಹಳೆಯದೊಂದು ಅನಿಲದ ಅಗ್ಗಿಷ್ಟಿಕೆಯನ್ನು ಅಗ್ಗಕ್ಕೆ ಕೊಂಡು ಹಿತ್ತಿಲಲ್ಲಿ ಇರಿಸಿದ್ದರು. ಒಂದು ಸಂಜೆ ನಾವೊಬ್ಬರೇ ಅದರ ಮುಂದೆ ಕುಳಿತಿದ್ದೆವು. ಜೋರಾಗಿ ಬೀಸಿದ ಗಾಳಿಗೆ ಉರಿ ಆರಿತು. ಆರಿದ ದೀಪವನ್ನು ಹಚ್ಚುವುದು ನಮ್ಮ ಮನೆತನದ ಅಭ್ಯಾಸ. ಎದ್ದು ಒಳಗಿನಿಂದ ಲೈಟರ್ ತಂದು ತೊಟ್ಟಿಯ ಮೇಲೆ ಬಾಗಿದೆವು. ಹಿಂದಿನಿಂದ ಓಡಿಬಂದ ಅಳಿಯಂದಿರು “ಮಾವ, ಬೇಡಿ!” ಎಂದು ಕೂಗಿ ತೋಳು ಹಿಡಿದೆಳೆದರು. ಆಗಲೇ ನಮಗೆ ಕೇಳಿಸಿದ್ದು, ಹರಳುಗಳ ಕೆಳಗೆ ಮೆಲ್ಲನೆ ಸುಯ್ಗುಡುತ್ತಿದ್ದ ಸದ್ದು. ನಾವು ಲೈಟರ್ ಹುಡುಕುತ್ತಿದ್ದಷ್ಟು ಹೊತ್ತೂ ಅನಿಲ ಹರಿಯುತ್ತಲೇ ಇತ್ತು; ತೊಟ್ಟಿ ತುಂಬಿ ಅಂಚಿನಿಂದ ಚೆಲ್ಲುತ್ತಿತ್ತು. ಕಣ್ಣಿಗೇನೂ ಕಾಣುತ್ತಿರಲಿಲ್ಲ. ಅಂದು ಕಿಡಿ ಹೊಡೆದಿದ್ದರೆ ಈ ಲೇಖನವನ್ನು ಬರೆಯುವವರು ಬೇರೆಯವರಾಗಿರುತ್ತಿದ್ದರು.

ಅನಿಲ ಚೆಲ್ಲುತ್ತಿತ್ತೆಂದೆವು, ಅದು ಅಲಂಕಾರದ ಮಾತಲ್ಲ. ಅಮೆರಿಕದ ಸಿಲಿಂಡರುಗಳಲ್ಲಿ ಇರುವುದು ಪ್ರೊಪೇನ್. ನಮ್ಮ ಎಲ್.ಪಿ.ಜಿ.ಯಲ್ಲಿ ಪ್ರೊಪೇನ್ ಮತ್ತು ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಎರಡು ಬಗೆಯ ಅನಿಲವೂ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಹೊಗೆಯಂತೆ ಮೇಲೇರಿ ಹೋಗುವುದಿಲ್ಲ. ನೀರಿನಂತೆ ತಗ್ಗನ್ನು ಹುಡುಕಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನೊಳಗೆ ದ್ರವವಾಗಿರುವ ಒಂದು ಲೋಟ ಅನಿಲ ಹೊರಬಂದರೆ ಸುಮಾರು 250 ಲೋಟಗಳಷ್ಟು ಜಾಗವನ್ನು ತುಂಬುತ್ತದೆ. ಹೀಗಿರುವಾಗ ನಮ್ಮ ಮಗ ತೋಡಬೇಕೆಂದಿದ್ದ ಎರಡೂವರೆ ಅಡಿಯ ಗುಂಡಿ ಏನಾಗುತ್ತಿತ್ತು? ಅನಿಲ ಸಂಗ್ರಹಿಸುವ ಬಾವಿಯಾಗುತ್ತಿತ್ತು. ‘ಪಿಟ್’ ಎಂಬ ಹೆಸರು ಕೇಳಿ ಗುಂಡಿ ತೋಡುವವರು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಸಿಲಿಂಡರಿನ ಅನಿಲ ಬಳಸುವ ಅಗ್ಗಿಷ್ಟಿಕೆ ನೆಲದಿಂದ ಮೇಲೆ ಇರಬೇಕು, ತಳದ ಕಡೆ ಎದುರುಬದುರಾಗಿ ಗಾಳಿಯಾಡುವ ಕಿಂಡಿಗಳಿರಬೇಕು. ಕೊಳವೆಯ ಮೂಲಕ ಮನೆಮನೆಗೆ ಬರುವ ನೈಸರ್ಗಿಕ ಅನಿಲ ಮಾತ್ರ ಗಾಳಿಗಿಂತ ಹಗುರ. ಅದರ ಬರ್ನರಿನ ರಂಧ್ರದ ಅಳತೆಯೇ ಬೇರೆ. ಒಂದಕ್ಕೆ ಮಾಡಿದ ಉಪಕರಣವನ್ನು ಇನ್ನೊಂದಕ್ಕೆ ಜೋಡಿಸಕೂಡದು.

ಇನ್ನು ಕೊಳ್ಳುವಾಗ ನೋಡಬೇಕಾದುದು. ಅಂದು ಗಾಳಿಗೆ ಉರಿ ಆರಿದ ಮೇಲೂ ಅನಿಲ ಹರಿಯಲು ಕಾರಣವೇನೆಂದರೆ, ಆ ಹಳೆಯ ಉಪಕರಣದಲ್ಲಿ ಉರಿಯನ್ನು ಕಾಯುವ ವ್ಯವಸ್ಥೆ ಇರಲಿಲ್ಲ. ಒಳ್ಳೆಯ ಅಗ್ಗಿಷ್ಟಿಕೆಗಳಲ್ಲಿ ಥರ್ಮೋಕಪಲ್ ಎಂಬ ಸಣ್ಣ ಲೋಹದ ಕಡ್ಡಿಯೊಂದು ಜ್ವಾಲೆಗೆ ತಗುಲಿದಂತೆ ಇರುತ್ತದೆ. ಅದರ ತುದಿ ಬಿಸಿಯಾಗಿರುವವರೆಗೆ ಅತ್ಯಲ್ಪ ವಿದ್ಯುತ್ತು ಹುಟ್ಟಿ ಅನಿಲದ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಉರಿ ಆರಿ ತುದಿ ತಣಿದರೆ ಬಾಗಿಲು ತಾನಾಗಿ ಮುಚ್ಚುತ್ತದೆ. ಬೇರೆ ಯಾವ ಸೊಗಸಿಲ್ಲದಿದ್ದರೂ ಚಿಂತೆಯಿಲ್ಲ, ಇದೊಂದು ಇರಲೇಬೇಕು. ಅಂಗಡಿಯವನನ್ನು ಉರಿ ಹಚ್ಚಿ ಆರಿಸಿ ತೋರಿಸೆಂದು ಕೇಳಬೇಕು. ತೋರಿಸಲು ಹಿಂಜರಿದರೆ ಮುಂದಿನ ಅಂಗಡಿಗೆ ಹೋಗಬೇಕು. ಅಮೆರಿಕದಲ್ಲಿರುವ ಮಕ್ಕಳು ಇಂಥ ಉಪಕರಣಗಳ ಸುರಕ್ಷತಾ ಪ್ರಮಾಣವಾದ ಎ.ಎನ್.ಎಸ್.ಐ. ಝಡ್ 21.97 ಎಂಬ ಗುರುತನ್ನು ಫಲಕದ ಮೇಲೆ ಹುಡುಕಲಿ. ನಮ್ಮ ಅಳಿಯಂದಿರು ಆ ಹಳೆಯದನ್ನು ಮರುವಾರವೇ ವಿಲೇವಾರಿ ಮಾಡಿದರು. ಮತ್ತೊಬ್ಬರಿಗೆ ಮಾರಲಿಲ್ಲವೆಂಬುದನ್ನು ಹೇಳಲು ನಮಗೆ ಸಂತೋಷ.

ಅನಿಲದ ಗೊಡವೆಯೇ ಬೇಡವೆಂದು ಸ್ಪಿರಿಟ್ ಮುಂತಾದ ದ್ರವ ಸುರಿದು ಉರಿಸುವ ಪುಟ್ಟ ಅಗ್ಗಿಷ್ಟಿಕೆಗಳನ್ನು ಮೇಜಿನ ಮೇಲೆ ಇಟ್ಟುಕೊಳ್ಳುವವರಿದ್ದಾರೆ. ಅವು ಇನ್ನೂ ಘೋರ. ಹಗಲ ಬೆಳಕಿನಲ್ಲಿ ಆ ಉರಿ ಕಾಣಿಸುವುದಿಲ್ಲ; ಆರಿತೆಂದು ಭಾವಿಸಿ ಮತ್ತೆ ಸುರಿದರೆ ಜ್ವಾಲೆ ಧಾರೆಯನ್ನು ಹಿಡಿದು ಡಬ್ಬಿಗೇ ಏರಿ ಎದುರು ಕುಳಿತವರ ಮೇಲೆ ಚಿಮ್ಮುತ್ತದೆ. ಇಂಥವುಗಳಿಂದ 2019ರಿಂದೀಚೆಗೆ ಇಬ್ಬರು ಸತ್ತು ಕನಿಷ್ಠ 60 ಮಂದಿ ಗಾಯಗೊಂಡಿರುವರೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2024ರ ಡಿಸೆಂಬರಿನಲ್ಲಿ ಎಚ್ಚರಿಸಿದೆ.

ಉರಿಯ ಬಲದ ಬಗ್ಗೆಯೂ ಒಂದು ಮಾತು. ಈ ಉಪಕರಣಗಳ ಶಕ್ತಿಯನ್ನು ಬಿ.ಟಿ.ಯು. ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಗಂಟೆಗೆ 30,000ದಿಂದ 60,000ದವರೆಗಿನವು ಸಾಮಾನ್ಯ. 50,000 ಬಿ.ಟಿ.ಯು. ಎಂದರೆ ಗಂಟೆಗೊಂದು ಕಿಲೋಗಿಂತ ತುಸು ಹೆಚ್ಚು ಅನಿಲ. ಮನೆಯಲ್ಲಿ ತಿಂಗಳು ಬರುವ 14.2 ಕಿಲೋ ಸಿಲಿಂಡರು ಇಲ್ಲಿ 13 ಗಂಟೆಗಳಲ್ಲಿ ಮುಗಿಯುತ್ತದೆ. ಈ ಲೆಕ್ಕವನ್ನು ಕೇಳಿದಾಗ ನಮ್ಮ ಮಗನ ಮುಖ ಸಣ್ಣದಾದದ್ದನ್ನು ಕಂಡೆವು. ಸುರಕ್ಷತೆಯ ಉಪದೇಶ ಮಾಡದ ಕೆಲಸವನ್ನು ಕೆಲವೊಮ್ಮೆ ಖರ್ಚಿನ ಲೆಕ್ಕ ಮಾಡುತ್ತದೆ. ಅಲ್ಲದೆ ಗೃಹಬಳಕೆಯ ಸಿಲಿಂಡರನ್ನು ಬಾಡಿಗೆ ಕೊಟ್ಟು ತಂಗುವವರ ಸೇವೆಗೆ ಉಪಯೋಗಿಸುವುದು ಕಾನೂನಿಗೆ ವಿರೋಧ; ಅದಕ್ಕೆ 19 ಕಿಲೋಗಳ ವಾಣಿಜ್ಯ ಸಿಲಿಂಡರನ್ನೇ ತರಿಸಬೇಕು.

ಚಳಿಯಲ್ಲಿ ಇನ್ನೊಂದು ತೊಡಕುಂಟು. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಆದಕಾರಣ ಹಿಮ ಬೀಳುವ ನಾಡಿನಲ್ಲಿ ಸರಾಗವಾಗಿ ಉರಿಯುವ ಉಪಕರಣ ಇಲ್ಲಿ ನಮ್ಮ ಅನಿಲದಲ್ಲಿ ತಿಣುಕಬಹುದು. ಒಂದೇ ಸಿಲಿಂಡರಿನಿಂದ ರಭಸವಾಗಿ ಅನಿಲ ಸೆಳೆದಾಗ ಅದು ತಾನೇ ತಣ್ಣಗಾಗಿ ಮೈಮೇಲೆ ಬೆವರು, ಕೆಲವೊಮ್ಮೆ ಹಿಮದ ಪದರ ಕಟ್ಟಿಕೊಂಡು, ಉರಿ ಕುಗ್ಗುತ್ತದೆ. ಆಗ ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಅದನ್ನು ಮಲಗಿಸಿ ಅಲುಗಿಸುವುದು, ಬೆಂಕಿಯ ಹತ್ತಿರಕ್ಕೆ ಎಳೆದಿಡುವುದು — ಮದುವೆಯ ಅಡುಗೆಯವರು ಈ ಮೂರನ್ನೂ ಮಾಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ, ಯಾವುದನ್ನೂ ಮಾಡಬಾರದು. ಉರಿ ತಗ್ಗಿಸಿಕೊಳ್ಳಬೇಕು, ಸಾಲದಿದ್ದರೆ ಏಜೆನ್ಸಿಯ ತಜ್ಞರಿಂದ ಎರಡು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಿಕೊಳ್ಳಬೇಕು. ಹೊರದೇಶದಿಂದ ಮಕ್ಕಳು ಪ್ರೀತಿಯಿಂದ ಹೊತ್ತು ತಂದ ಉಪಕರಣದ ರೆಗ್ಯುಲೇಟರ್ ನಮ್ಮ ಸಿಲಿಂಡರಿನ ಬಾಯಿಗೆ ಕೂರುವುದೂ ಇಲ್ಲ. ಊರಿನ ವರ್ಕ್‌ಶಾಪಿನಲ್ಲಿ ತಿರುಪು ಕೊಯ್ಯಿಸಿ ಕೂರಿಸಿದರೆ ಅದು ಜಾಣತನವಲ್ಲ.

ಈಗ ಚಪ್ಪರ ಮತ್ತು ತಾಡಪಾಲಿನ ಪ್ರಶ್ನೆ. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ. ಅಡುಗೆಮನೆಯ ಒಲೆಯಲ್ಲಿ ಉರಿ ನೀಲಿಯಾಗಿರಬೇಕು. ಹಳದಿ ಕಂಡರೆ ಬರ್ನರ್ ಕೆಟ್ಟಿದೆಯೆಂದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಅಗ್ಗಿಷ್ಟಿಕೆಯಲ್ಲಾದರೋ, ಕಣ್ಣಿಗೆ ಸೌದೆಯ ಬೆಂಕಿಯಂತೆ ತೋರಲೆಂದು ಬೇಕಾಗಿಯೇ ಗಾಳಿಯನ್ನು ಕಡಿಮೆ ಬೆರೆಸಿ ಹಳದಿ ಜ್ವಾಲೆಯನ್ನು ಎಬ್ಬಿಸುತ್ತಾರೆ. ಹಾಗೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಬಯಲಿನಲ್ಲಿ ಅದು ಗಾಳಿಗೆ ಚದುರಿ ನಿರಪಾಯವಾಗುತ್ತದೆ; ಮುಚ್ಚಿದ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್.ಪಿ.ಜಿ.ಗೆ ಸೋರಿಕೆ ತಿಳಿಯಲೆಂದು ಕೊಳೆತ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ, ಆದರೆ ಅದು ಉರಿದಾಗ ಸುಟ್ಟುಹೋಗುತ್ತದೆ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸಕ್ತಿಯಿಂದ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಆಮೇಲೆ ಜೊಂಪು. ಬೆಚ್ಚಗಿನ ಜಾಗದಲ್ಲಿ ಜೊಂಪು ಹತ್ತಿದರೆ ಯಾರಿಗೆ ಸಂಶಯ ಬರುತ್ತದೆ?

2020ರ ಜನವರಿಯಲ್ಲಿ ಕೇರಳದ ಪ್ರವಾಸಿಗಳ ತಂಡವೊಂದು ನೇಪಾಳದ ಮಕವಾನ್‌ಪುರ ಜಿಲ್ಲೆಯ ದಾಮನ್ ಎಂಬ ಗಿರಿಧಾಮದಲ್ಲಿ ತಂಗಿತ್ತು. ಚಳಿ ತಡೆಯಲಾರದೆ ಅವರಲ್ಲಿ ಎಂಟು ಮಂದಿ ಒಂದೇ ಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿ, ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದರು. ಎರಡು ದಂಪತಿಗಳು, ನಾಲ್ಕು ಮಕ್ಕಳು. ಬೆಳಗ್ಗೆ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಕಂಡುಬಂದ ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ನಾವು ಈ ಸಂಗತಿಯನ್ನು ಹೇಳಿದಾಗ ನಮ್ಮ ಮಗ ಬಹಳ ಹೊತ್ತು ಮಾತನಾಡಲಿಲ್ಲ. ಆತನ ಮನೆಗೂ ಹಾಗೆಯೇ ಮಕ್ಕಳನ್ನು ಕರೆದುಕೊಂಡು ದೂರದ ಊರುಗಳಿಂದ ಕುಟುಂಬಗಳು ಬರುತ್ತವೆ. ಮನೆಗೆ ಬಂದವರನ್ನು ಸತ್ಕರಿಸುವುದನ್ನು ನಮ್ಮ ಹಿರಿಯರು ವ್ರತವೆಂದೇ ನಡೆಸಿಕೊಂಡು ಬಂದರು. ಹಣ ತೆಗೆದುಕೊಂಡು ಸತ್ಕರಿಸುವಾಗ ಆ ಹೊಣೆ ಕಡಿಮೆಯಾಗುವುದಿಲ್ಲವಷ್ಟೆ.

ಅನಿಲದ ಅಗ್ಗಿಷ್ಟಿಕೆ ಬಯಲಿಗಾಗಿ ಮಾಡಿದ್ದು. ತಲೆಯ ಮೇಲೆ ಆಕಾಶವಿರಬೇಕು. ಮೂರು ಬದಿ ಮುಚ್ಚಿದ ಚಪ್ಪರ, ಕಾರಿನ ಷೆಡ್ಡು, ಗಾಜು ಮುಚ್ಚಿದ ಜಗಲಿ, ಡೇರೆ, ಮೇಲ್ಮಹಡಿಯ ಬಾಲ್ಕನಿ ಇವೊಂದೂ ಬಯಲಲ್ಲ. ಕೆಂಡದ ಶೇಗಡಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಣಂತಿಯ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಹಾಕುವ ಮನೆಗಳು ಇಂದಿಗೂ ಇವೆಯೆಂದು ಕೇಳುತ್ತೇವೆ. ಗೋಡೆ, ಮರದ ಕೊಂಬೆ, ಒಣಹುಲ್ಲಿನ ಬಣವೆಗಳಿಂದ ಎಷ್ಟು ದೂರವೆಂದು ತಯಾರಕರು ಬರೆದಿರುತ್ತಾರೆ. ಸಾಮಾನ್ಯವಾಗಿ 10 ಅಡಿಗೆ ಕಡಿಮೆ ಬೇಡ. ಅಮೆರಿಕದಲ್ಲಿ ಊರಿನ ಅಗ್ನಿಶಾಮಕ ಕಚೇರಿಯ ನಿಯಮ ಬೇರೆ, ಬಡಾವಣೆಯ ಮನೆಗಳ ಸಂಘದ ನಿಯಮ ಬೇರೆ ಇರಬಹುದು, ಎರಡನ್ನೂ ಕೇಳಿಕೊಳ್ಳಬೇಕು.

ಜಾಗ ಹುಡುಕಲು ನಾವಿಬ್ಬರೂ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆವು. ಕಾಫಿ ಒಣಗಿಸುವ ಕಣ ವಿಶಾಲವಾಗಿದೆ, ಸುತ್ತ ಏನೂ ಇಲ್ಲ. ಆದರೆ ಚಳಿ ಬೀಳುವ ತಿಂಗಳುಗಳಲ್ಲೇ ಅರೇಬಿಕಾ ಕೊಯ್ಲು, ಕಣದ ತುಂಬ ಹಣ್ಣು ಹರಡಿರುತ್ತದೆ. ಹಿತ್ತಿಲಿನ ಬಾವಿಕಟ್ಟೆಯ ಪಕ್ಕ ಬಹಳ ಸುಂದರವಾದ ಸ್ಥಳ; ಆತನಿಗೆ ಅದು ಕೂಡಲೇ ಹಿಡಿಸಿತು. ಬಾವಿಯೆಂದರೆ ತಗ್ಗು, ಸೋರಿದ ಅನಿಲ ಅದರೊಳಗಿಳಿದು ನಿಲ್ಲುತ್ತದೆಯೆಂದು ನಾವು ಬೇಡವೆಂದೆವು. ಚರಂಡಿಯ ಬಾಯಿ, ನೆಲಮಾಳಿಗೆಯ ಕಿಂಡಿಗಳ ಹತ್ತಿರವೂ ಇದೇ ಕಾರಣದಿಂದ ಸಲ್ಲದು. ಕಡೆಗೆ ಮನೆಯ ಮುಂದೆ, ಹಿಂದೆ ಎತ್ತಿನಗಾಡಿ ಬಿಡುತ್ತಿದ್ದ ದಿಬ್ಬ ಒಪ್ಪಿತವಾಯಿತು. ಮೂರು ದಿಕ್ಕಿಗೆ ಗಾಳಿ, ನೆಲಕ್ಕೆ ಚಪ್ಪಡಿ ಕಲ್ಲು. ರಬ್ಬರ್ ಪೈಪನ್ನು ಒಂದೂವರೆ ಮೀಟರಿಗಿಂತ ಉದ್ದ ಎಳೆಯಬಾರದು, ನಡುವೆ ಜೋಡಣೆ ಮಾಡಬಾರದು, ಮಣ್ಣಿನಲ್ಲಿ ಹೂಳಬಾರದು. ಸಿಲಿಂಡರು ದೂರವಿರಬೇಕಾದುದರಿಂದ ನಡುವಿನ ದೂರಕ್ಕೆ ಲೋಹದ ಕೊಳವೆಯನ್ನು ಏಜೆನ್ಸಿಯವರಿಂದಲೇ ಹಾಕಿಸಿದ್ದಾಯಿತು. ಸಿಲಿಂಡರುಗಳು ನೆರಳಿನಲ್ಲಿ, ಜಾಲರಿಯ ಗೂಡಿನಲ್ಲಿ, ನೆಟ್ಟಗೆ ನಿಂತಿವೆ. ಪ್ರತಿ ಸಿಲಿಂಡರಿನ ಕುತ್ತಿಗೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬೊಂದು ಅಕ್ಷರವೂ ವರ್ಷದ ಎರಡು ಅಂಕಿಗಳೂ ಇರುತ್ತವೆ. ‘ಬಿ 27’ ಎಂದಿದ್ದರೆ 2027ರ ಜೂನ್ ಕೊನೆಗೆ ಅದರ ಪರೀಕ್ಷೆಯ ಅವಧಿ ಮುಗಿಯಿತೆಂದು ಅರ್ಥ. ಅವಧಿ ಮೀರಿದ್ದನ್ನು ಇಳಿಸಿಕೊಳ್ಳದೆ ಹಿಂತಿರುಗಿಸಬೇಕು.

ಬಳಸುವವರಿಗೆ ಕೆಲವು ಮಾತುಗಳು. ಋತುವಿನ ಮೊದಲ ಸಲ ಹಾಗೂ ಸಿಲಿಂಡರು ಬದಲಿಸಿದಾಗಲೆಲ್ಲ ಜೋಡಣೆಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೇ ನೋಡಬೇಕು. ಕಡ್ಡಿ ಗೀರಿ ನೋಡುವ ಹುಂಬತನ ಬೇಡ. ಕೈಯಿಂದ ಹಚ್ಚುವ ಬಗೆಯದಾದರೆ ಮೊದಲು ಉದ್ದನೆಯ ಲೈಟರಿನ ಕಿಡಿ, ಆಮೇಲೆ ಅನಿಲ. ಮುಖವನ್ನು ಮೇಲೆ ಬಾಗಿಸಬಾರದು. ಉರಿ ಆರಿದರೆ ಗುಂಡಿ ಮುಚ್ಚಿ ಐದು ನಿಮಿಷ ಕಾಯಬೇಕು. ನ್ಯೂಜೆರ್ಸಿಯಲ್ಲಿ ನಮಗೆ ಗೊತ್ತಿರದೇ ಹೋದದ್ದು ಈ ಐದು ನಿಮಿಷ. ತೊಟ್ಟಿಗೆ ಹೇಮಾವತಿಯ ದಡದಿಂದ ನುಣುಪಾದ ಕಲ್ಲು ತಂದು ಹಾಕಿದರೆ ಚೆನ್ನೆಂದು ಮನೆಯ ಹುಡುಗರು ಹೇಳಿದರು. ಹೊಳೆಯ ಕಲ್ಲಿನೊಳಗೆ ತೇವ ಸೇರಿಕೊಂಡಿದ್ದು ಕಾದಾಗ ಸಿಡಿಗುಂಡಿನಂತೆ ಒಡೆಯಬಹುದು. ಇದಕ್ಕೆಂದೇ ಮಾರುವ ಲಾವಾ ಕಲ್ಲು ಅಥವಾ ಗಾಜಿನ ಹರಳನ್ನೇ ಹಾಕಬೇಕು. ಉರಿ ಆರಿಸಿದ ಮೇಲೂ ಈ ಹರಳುಗಳೂ ಲೋಹದ ಅಂಚೂ ಬಹಳ ಹೊತ್ತು ಸುಡುತ್ತಿರುತ್ತವೆ. ಕೆಂಡದ ಹಾಗೆ ಕೆಂಪಗೆ ಕಾಣದುದರಿಂದ ಮಕ್ಕಳು ಕೈಯಿಡುತ್ತಾರೆ. ಮಲೆನಾಡಿನ ಮಳೆಗಾಲ ನಾಲ್ಕು ತಿಂಗಳು. ಅಷ್ಟು ದಿನ ಮುಚ್ಚಿಟ್ಟಿದ್ದ ಬರ್ನರಿನಲ್ಲಿ ಜೇಡವೋ ಕಣಜವೋ ಗೂಡು ಕಟ್ಟಿರುತ್ತದೆ, ಶುಚಿಗೊಳಿಸದೆ ಹಚ್ಚಬಾರದು.

ಹೆಣ್ಣುಮಕ್ಕಳು ಸೆರಗನ್ನು ಬಿಗಿದು ಸಿಕ್ಕಿಸಿಕೊಂಡು ಕೂರಬೇಕು. ನೈಲಾನ್, ಪಾಲಿಯೆಸ್ಟರ್ ಸೀರೆ ಮತ್ತು ಶಾಲುಗಳು ಕರಗಿ ಚರ್ಮಕ್ಕೇ ಅಂಟುತ್ತವೆ. ಹತ್ತಿ, ಉಣ್ಣೆ ಲೇಸು. ಬಟ್ಟೆ ಹೊತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು. ಇದ್ದವರು ಕರಿಕಂಬಳಿ ಹೊದಿಸಬೇಕು. ಒಂದು ಕಂಬಳಿ ಸದಾ ಹತ್ತಿರವಿರಲಿ. ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಶಾಯಿ, ಟೂತ್‌ಪೇಸ್ಟ್, ಅರಿಸಿನ ಹಚ್ಚುವವರನ್ನು ಗದರಿಯಾದರೂ ತಡೆಯಬೇಕು. ಅನಿಲದ ವಾಸನೆ ಬಂದರೆ ಸಿಲಿಂಡರಿನ ಬಾಯಿ ಮುಚ್ಚಿ, ವಿದ್ಯುತ್ ಗುಂಡಿಗಳನ್ನು ಮುಟ್ಟದೆ ದೂರ ಸರಿದು 1906ಕ್ಕೆ ಫೋನು ಮಾಡಬೇಕು. ಅದು ಹಗಲಿರುಳೂ ಉತ್ತರಿಸುವ ಎಲ್.ಪಿ.ಜಿ. ತುರ್ತು ಸಂಖ್ಯೆ.

2025ರ ಜನವರಿಯಲ್ಲಿ ನಾವು ಮತ್ತೆ ತೋಟಕ್ಕೆ ಹೋದೆವು. ದಿಬ್ಬದ ಮೇಲೆ ಮಂಡಿಯೆತ್ತರದ ಕಲ್ಲಿನ ಕಟ್ಟೆಯಲ್ಲಿ ಹೊಸ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ಎರಡು ಕುಟುಂಬಗಳು ಸುತ್ತ ಕುಳಿತಿದ್ದವು. ಆರಂಭಕ್ಕೆ ಮೊದಲು ನಮ್ಮ ಮಗ ಎಲ್ಲರ ಕಣ್ಣೆದುರೇ ಉರಿಯನ್ನೊಮ್ಮೆ ಆರಿಸಿ, ಅನಿಲ ತಾನಾಗಿ ನಿಲ್ಲುವ ಟಕ್ಕೆಂಬ ಸದ್ದನ್ನು ಕೇಳಿಸಿ, ಕೈಗಡಿಯಾರ ನೋಡುತ್ತ ಐದು ನಿಮಿಷ ಕಾದು ಮತ್ತೆ ಹಚ್ಚಿದನಂತೆ. ನಮ್ಮ ಮನೆಯವರು ಹಳೆಯ ನೆನಪಿನಲ್ಲಿ ಮುಸುಕಿನ ಜೋಳದ ತೆನೆಯೊಂದನ್ನು ಸುಲಿದು ಹಿಡಿದು ಬಂದಿದ್ದರು. ಮೈ ಕಾಯಿಸುವುದಕ್ಕಷ್ಟೇ ಮಾಡಿದ ಈ ಉರಿಯಲ್ಲಿ ಏನನ್ನೂ ಸುಡಬಾರದು. ತೊಟ್ಟಿಕ್ಕಿದ್ದು, ಉದುರಿದ್ದು ಬರ್ನರಿನ ಕಣ್ಣುಗಳನ್ನು ಮುಚ್ಚುತ್ತದೆ.

“ಇಲ್ಲಿ ಕೊಡಿ ದೊಡ್ಡಮ್ಮ, ಒಳಗೆ ಸೌದೆ ಒಲೆ ಹತ್ತಿಸಿದ್ದೀನಿ, ಸುಟ್ಟು ತರ್ತೀನಿ” ಎಂದು ಆತ ತೆನೆಯನ್ನು ತೆಗೆದುಕೊಂಡು ಹೋದ.